ಜೇನು ಕೊಡದ ಜೇನುಗಳ ಚರಿತ್ರಕಾರ: ಚಾರ್ಲ್ಸ್ ಥಾಮಸ್ ಬಿಂಗ್‌ಹ್ಯಾಮ್

ತಾಂಡೂರಿನ ತೊಗರಿಯ ರುಚಿಯನ್ನು ಬಲ್ಲವರು ಅನೇಕರು; ಆ ಹಳದಿ ಹೂವಿನ ಮೇಲೆ ಎರಗುವ ಒಂಟಿ ಜೇನುಗಳನ್ನು ಗಮನಿಸಿದವರು ವಿರಳ. ಇವಕ್ಕೆ ರಾಣಿಯಿಲ್ಲ, ಹುಟ್ಟಿಲ್ಲ, ಕೂಡಿಟ್ಟ ಜೇನಿಲ್ಲ. ಪ್ರತಿಯೊಂದು ಹೆಣ್ಣೂ ತಾನೊಂದೇ ಮಣ್ಣಿನಲ್ಲೋ ಒಣಗಿದ ದಂಟಿನಲ್ಲೋ ಗೂಡು ಮಾಡಿ ಸಂತಾನವನ್ನು ಸಲಹುತ್ತದೆ. ಜೇನನ್ನೂ ಮೇಣವನ್ನೂ ಕೊಡದ ಈ ಜೀವಿಗಳ ಲೆಕ್ಕವಿಡುವ ಗೋಜಿಗೆ ಯಾರು ತಾನೇ ಹೋದಾರು? ಹೋದವರಲ್ಲಿ ಪ್ರಮುಖರು ಕರ್ನಲ್ ಬಿಂಗ್‌ಹ್ಯಾಮ್.

ಐರಿಷ್ ಮನೆತನದ ಅವರು ಜನಿಸಿದ್ದು 1848ರಲ್ಲಿ, ಭಾರತದಲ್ಲಿಯೇ. ಮೊದಲು ಮುಂಬಯಿಯ, ಅನಂತರ ಬಂಗಾಳದ ಸೇನೆಯಲ್ಲಿದ್ದು, 1877ರಿಂದ ಬರ್ಮಾದ ಅರಣ್ಯಾಧಿಕಾರಿಯಾದರು. ಆರಂಭದಲ್ಲಿ ಅವರ ಒಲವು ಪಕ್ಷಿಗಳತ್ತ ಇತ್ತು. ಅಲ್ಲಿನ ಕಾಡಿನಲ್ಲಿ ಜೇನುಹಿಡುಕ ಹಕ್ಕಿಗಳು ಚಿಟ್ಟೆಗಳನ್ನು ಬೆನ್ನಟ್ಟಿ ಹಿಡಿಯುವುದನ್ನು ಕಂಡು, ಕೆಲವು ಜಾತಿಗಳನ್ನು ಅವು ಮುಟ್ಟದೆ ಬಿಡುವುದನ್ನೂ ಗುರುತಿಸಿಟ್ಟರು. ಹಕ್ಕಿ ಏನನ್ನು ಹಿಡಿಯಿತೆಂದು ಬರೆದಿಡುವವರು ಬಹಳ. ಏನನ್ನು ಬಿಟ್ಟಿತೆಂದು ನೋಡುವ ಕಣ್ಣು ಅಪರೂಪ.

1894ರಲ್ಲಿ ನಿವೃತ್ತರಾಗಿ ಲಂಡನ್ನಿಗೆ ಹೋದ ಅವರು ವಿಶ್ರಾಂತಿಯನ್ನು ಬಯಸಲಿಲ್ಲ. ಅಲ್ಲಿನ ಪ್ರಾಕೃತಿಕ ಇತಿಹಾಸ ಸಂಗ್ರಹಾಲಯದ ಕೀಟ ವಿಭಾಗದಲ್ಲಿ ವೇತನವಿಲ್ಲದೆ ದುಡಿದರು. ಕಾರ್ಯ ಸುಲಭದ್ದಾಗಿರಲಿಲ್ಲ. ಲಿನ್ನೇಯಸ್, ಫ್ಯಾಬ್ರೀಷಿಯಸ್ ಮೊದಲಾದವರು ಭಾರತವನ್ನು ಕಾಣದೆಯೇ ಇಲ್ಲಿನ ಜೇನುಗಳಿಗೆ ಹೆಸರಿಟ್ಟಿದ್ದರು. ಆ ವಿವರಣೆಗಳು ಹಲವು ಭಾಷೆಗಳ ಹಲವು ಗ್ರಂಥಗಳಲ್ಲಿ ಚದುರಿದ್ದವು. ಇದರ ಮೇಲೆ ಗಂಡು ಹೆಣ್ಣುಗಳ ರೂಪಭೇದ ಬೇರೆ: ನಮ್ಮ ಭಾಗದಲ್ಲಿ ಒಣಮರವನ್ನು ಕೊರೆಯುವ ದೊಡ್ಡ ಕಪ್ಪು ದುಂಬಿಯ ಬಳಗದಲ್ಲಿಯೇ ಕೆಲವು ಜಾತಿಗಳ ಹೆಣ್ಣು ಕಪ್ಪು, ಗಂಡು ಹಳದಿ. ಒಂದೇ ಜಾತಿ ಎರಡೆಂದು ದಾಖಲಾಗುವುದು ಇಂಥಲ್ಲಿಯೇ. ರೆಕ್ಕೆಯ ನರಗಳು, ನಾಲಗೆ, ಕಾಲಿನ ರೋಮ ಇವುಗಳನ್ನು ಆಧರಿಸಿ ಬಿಂಗ್‌ಹ್ಯಾಮ್ ಎಲ್ಲವನ್ನೂ ಒಂದು ಕ್ರಮಕ್ಕೆ ತಂದರು. ಭಾರತ, ಸಿಂಹಳ, ಬರ್ಮಾಗಳ ಕಣಜ ಹಾಗೂ ಜೇನುಗಳ ಕುರಿತ ಅವರ ಸಂಪುಟ 1897ರಲ್ಲಿ ಹೊರಬಂದಿತು. ಜೀವನಕ್ರಮದ ವಿವರ ಅದರಲ್ಲಿ ಕಡಿಮೆ, ಹಲವು ಹೆಸರುಗಳು ಈಚೆಗೆ ಬದಲಾಗಿವೆ. ಆದರೂ ತಜ್ಞರು ಅದನ್ನು ಇಂದಿಗೂ ಕೈಬಿಟ್ಟಿಲ್ಲ.

1903ರಲ್ಲಿ ಇರುವೆಗಳ ಸಂಪುಟ ಬಂದಿತು. 1905ರಲ್ಲಿ ಬ್ಲ್ಯಾನ್‌ಫರ್ಡ್ ನಿಧನರಾದಾಗ ಇಡೀ ಗ್ರಂಥಮಾಲೆಯ ಸಂಪಾದಕತ್ವ ಇವರ ಹೆಗಲಿಗೇರಿತು. ಅದೇ ವರ್ಷ ಮತ್ತು 1907ರಲ್ಲಿ ಚಿಟ್ಟೆಗಳ ಎರಡು ಸಂಪುಟಗಳನ್ನು ಹೊರತಂದರು. ಚಿಟ್ಟೆಗಳ ಕಾರ್ಯ ಪೂರ್ಣಗೊಳ್ಳುವ ಮುನ್ನವೇ, 1908ರ ಅಕ್ಟೋಬರಿನಲ್ಲಿ, ಅರವತ್ತನೆಯ ವಯಸ್ಸಿನಲ್ಲಿ ಕಾಲವಶರಾದರು.

ಜಹೀರಾಬಾದಿನಿಂದ ಹೈದರಾಬಾದಿಗೆ ಹೋಗುವ ದಾರಿಯಲ್ಲಿ ಪಟಾನ್‌ಚೆರು ಸಿಗುತ್ತದೆ. ಅಲ್ಲಿ 1972ರಲ್ಲಿ ಸ್ಥಾಪನೆಯಾದ ಇಕ್ರಿಸ್ಯಾಟ್ ಸಂಸ್ಥೆಯ ವಿಜ್ಞಾನಿಗಳು ಹೈಬ್ರಿಡ್ ತೊಗರಿಯನ್ನು ರೂಪಿಸಿದ್ದಾರೆ. ಅದರ ಬೀಜೋತ್ಪಾದನೆಗೆ ಒಂದು ಸಾಲಿನ ಪರಾಗ ಇನ್ನೊಂದು ಸಾಲಿಗೆ ತಲುಪಬೇಕು. ತಲುಪಿಸುವವುಗಳಲ್ಲಿ ಮೆಗಾಕೈಲಿ ಕುಲದ ಒಂಟಿ ಜೇನುಗಳು ಮುಖ್ಯವಾದವು. ಕಾಯಿಕೊರಕ ಹುಳುವಿಗೆಂದು ಹೂವಿನ ಕಾಲದಲ್ಲಿ ಸಿಂಪಡಿಸುವ ಔಷಧಿ ಇವುಗಳಿಗೂ ತಗಲುತ್ತದೆ. ಗುಲಾಬಿಯ ಎಲೆಯ ಅಂಚನ್ನು ದುಂಡಗೆ ಕತ್ತರಿಸಿ ಒಯ್ಯುವುದೂ ಇದೇ ಕುಲದ ಹಲವು ಜಾತಿಗಳ ಕೆಲಸ. ಮಕ್ಕಳು ಹುಳು ತಿಂದಿದೆಯೆಂದೇ ತಿಳಿಯುತ್ತಾರೆ. ಆ ಎಲೆಯ ಚೂರುಗಳನ್ನು ಸುತ್ತಿ ಮಾಡಿದ ಪ್ರತಿಯೊಂದು ಕೋಣೆಯಲ್ಲಿ ಒಂದು ಪರಾಗದ ಮುದ್ದೆ, ಅದರ ಮೇಲೆ ಒಂದೇ ಮೊಟ್ಟೆ ಇರುತ್ತದೆ.