ಕ್ಯಾಲರಿಯ ಲೆಕ್ಕಿಗ ಅಟ್‌ವಾಟರ್

ತಿಂದ ಅನ್ನವು ದೇಹದಲ್ಲಿ ಏನಾಗುತ್ತದೆಂಬ ಪ್ರಶ್ನೆಗೆ ತಕ್ಕಡಿ ಹಿಡಿದು ಉತ್ತರ ಹುಡುಕಿದವರಲ್ಲಿ ಅಮೆರಿಕದ ವಿಲ್ಬರ್ ಆಲಿನ್ ಅಟ್‌ವಾಟರನು ಅಗ್ರಗಣ್ಯನು. ಈತನ ಹೆಸರನ್ನು ಕೇಳಿದವರು ನಮ್ಮಲ್ಲಿ ವಿರಳ. ಈತನ ಅಂಕಿಗಳನ್ನು ದಿನವೂ ನೋಡುವವರು ಬಹಳ. ಬಿಸ್ಕತ್ತಿನ ಪೊಟ್ಟಣದ ಮೇಲೆ ಅಚ್ಚಾಗಿರುವ ಕ್ಯಾಲರಿಯೂ, ಮೊಬೈಲಿನ ಆ್ಯಪ್ ತೋರಿಸುವ ಕ್ಯಾಲರಿಯೂ ಬಹುಮಟ್ಟಿಗೆ ಈತನ ಲೆಕ್ಕದಿಂದ ಬಂದವೇ. ಇಷ್ಟು ತಿಂದರೆ ಇಂಥ ತಾರೀಖಿಗೆ ಇಷ್ಟು ಕಿಲೋ ಇಳಿಯುವಿರೆಂದು ಆ್ಯಪ್ ಹೇಳುವ ಭವಿಷ್ಯವನ್ನು ಎಷ್ಟು ನಂಬಬಹುದು? ಇದನ್ನು ತಿಳಿಯಲು ಈ ಮಹನೀಯನ ಜೀವನವನ್ನು ಅರಿಯುವುದೇ ಒಳ್ಳೆಯ ದಾರಿಯೆಂದು ನನಗೆ ತೋರುತ್ತದೆ.

ಅಟ್‌ವಾಟರನು 1844ನೆಯ ಇಸವಿ ಮೇ 3ರಂದು ನ್ಯೂಯಾರ್ಕ್ ಸಂಸ್ಥಾನದ ಜಾನ್ಸ್‌ಬರ್ಗ್ ಎಂಬಲ್ಲಿ ಜನಿಸಿದನು. ತಂದೆ ಮೆಥಡಿಸ್ಟ್ ಪಂಥದ ಪಾದ್ರಿ. ವೆಸ್ಲಿಯನ್ ವಿಶ್ವವಿದ್ಯಾನಿಲಯದಲ್ಲಿ ಪದವಿ ಪಡೆದು, 1869ರಲ್ಲಿ ಯೇಲ್‌ನಲ್ಲಿ ಮುಸುಕಿನ ಜೋಳದ ರಾಸಾಯನಿಕ ರಚನೆಯನ್ನು ಕುರಿತು ಡಾಕ್ಟರೇಟ್ ಗಳಿಸಿದನು. ಅನಂತರ ಜರ್ಮನಿಗೆ ಹೋಗಿ ಲೈಪ್‌ಜಿಗ್ ಮತ್ತು ಬರ್ಲಿನ್‌ಗಳಲ್ಲಿ ವ್ಯಾಸಂಗ ಮಾಡಿದನು. 1873ರಲ್ಲಿ ವೆಸ್ಲಿಯನ್‌ಗೆ ರಸಾಯನಶಾಸ್ತ್ರದ ಅಧ್ಯಾಪಕನಾಗಿ ಮರಳಿದನು. ಎರಡು ವರ್ಷಗಳ ತರುವಾಯ ಅಮೆರಿಕದ ಮೊದಲ ಸಂಸ್ಥಾನ ಕೃಷಿ ಪ್ರಯೋಗ ಕೇಂದ್ರವು ಅಲ್ಲಿಯೇ ಈತನ ನೇತೃತ್ವದಲ್ಲಿ ಆರಂಭವಾಯಿತು.

1882ರ ಸುಮಾರಿಗೆ ಈತನು ಮ್ಯೂನಿಚ್ ನಗರದಲ್ಲಿ ಕಾರ್ಲ್ ಫಾನ್ ಫಾಯ್ಟ್ ಎಂಬ ವಿದ್ವಾಂಸನ ಬಳಿ ಕೆಲಸ ಮಾಡಿದನು. ಪ್ರಾಣಿಯ ದೇಹಕ್ಕೆ ಹೋದುದೆಷ್ಟು, ಹೊರಬಂದುದೆಷ್ಟು ಎಂಬುದನ್ನು ಅಳೆಯುವ ವಿದ್ಯೆ ಅಲ್ಲಿ ಬೆಳೆದಿತ್ತು. ಆ ವಿದ್ಯೆಯನ್ನು ಮನುಷ್ಯನಿಗೆ ಪೂರ್ಣವಾಗಿ ಅನ್ವಯಿಸಬೇಕೆಂಬ ಹಂಬಲ ಅಟ್‌ವಾಟರನಿಗೆ ಹುಟ್ಟಿತು. ಭೌತಶಾಸ್ತ್ರಜ್ಞ ಎಡ್ವರ್ಡ್ ರೋಸಾನೊಡನೆ ಸೇರಿ, ವೆಸ್ಲಿಯನ್‌ನ ಜಡ್ ಭವನದ ನೆಲಮಾಳಿಗೆಯಲ್ಲಿ ಒಂದು ವಿಚಿತ್ರವಾದ ಕೋಣೆಯನ್ನು ಕಟ್ಟಿದನು. ಸುಮಾರು 7 ಅಡಿ ಉದ್ದ, 4 ಅಡಿ ಅಗಲದ ಲೋಹದ ಪೆಟ್ಟಿಗೆಯದು. ಅದರೊಳಗೆ ಒಬ್ಬ ಮನುಷ್ಯನು ಹಲವು ದಿನ ಉಂಡು, ಮಲಗಿ, ಕೆಲವೊಮ್ಮೆ ನಿಂತಲ್ಲೇ ತಿರುಗುವ ಸೈಕಲನ್ನು ತುಳಿಯುತ್ತಿದ್ದನು. ಆತನ ಮೈಯಿಂದ ಹೊರಟ ಶಾಖವನ್ನು ಕೊಳವೆಗಳಲ್ಲಿ ಹರಿಯುವ ತಣ್ಣೀರು ಹೊತ್ತೊಯ್ಯುತ್ತಿತ್ತು. ನೀರಿನ ಬಿಸಿಯನ್ನು ಅಳೆದು ಶಾಖವನ್ನು ಲೆಕ್ಕ ಹಾಕುತ್ತಿದ್ದರು. ಆಹಾರವನ್ನೂ, ಉಸಿರನ್ನೂ, ಮಲಮೂತ್ರಗಳನ್ನೂ ತೂಗಿ ಪರೀಕ್ಷಿಸುತ್ತಿದ್ದರು. ಯಂತ್ರವು ಸರಿಯಿದೆಯೇ ಎಂದು ತಿಳಿಯಲು ಒಳಗೆ ಮದ್ಯಸಾರವನ್ನು ಉರಿಸಿ ನೋಡುತ್ತಿದ್ದರು.

ಹೋದ ಶಕ್ತಿಗೂ ಬಂದ ಶಕ್ತಿಗೂ ಸರಾಸರಿಯಲ್ಲಿ ಶೇಕಡಾ 1ರಷ್ಟು ಕೂಡ ವ್ಯತ್ಯಾಸ ಕಾಣಲಿಲ್ಲ! ಉರಿಯುವ ದೀಪಕ್ಕಿರುವ ನಿಯಮವೇ ಮನುಷ್ಯನಿಗೂ ಇದೆಯೆಂದು ಸಿದ್ಧವಾಯಿತು. ಪ್ರೋಟೀನು ಮತ್ತು ಪಿಷ್ಟಗಳಿಗೆ ಗ್ರಾಮಿಗೆ 4, ಕೊಬ್ಬಿಗೆ 9 ಕ್ಯಾಲರಿಗಳೆಂಬ ಪ್ರಸಿದ್ಧ ಅಂಕಿಗಳು ಈ ಸಂಶೋಧನೆಗಳಿಂದಲೇ ಬಂದವು. ಇವು ಜೀರ್ಣವಾಗದೆ ಹೋಗುವ ಭಾಗವನ್ನು ಕಳೆದು ಪಡೆದ ಸರಾಸರಿಗಳೆಂಬುದನ್ನು ಮರೆಯಬಾರದು.

ಈತನ ಸತ್ಯನಿಷ್ಠೆಗೆ ಒಂದು ಪ್ರಸಂಗವೇ ಸಾಕು. ಮದ್ಯಸಾರವೂ ದೇಹದಲ್ಲಿ ಉರಿದು ಶಕ್ತಿಯನ್ನು ಕೊಡುತ್ತದೆಂದು 1899ರಲ್ಲಿ ಈತನ ಪ್ರಯೋಗಗಳು ತೋರಿಸಿದವು. ಪಾನನಿರೋಧ ಚಳವಳಿಯವರು ಕೆರಳಿದರು. ಪಾದ್ರಿಯ ಮಗನಾಗಿಯೂ ಅಟ್‌ವಾಟರನು ತಾನು ಅಳೆದುದನ್ನು ಮುಚ್ಚಿಡಲಿಲ್ಲ. 1904ರಲ್ಲಿ ಪಾರ್ಶ್ವವಾಯು ಬಡಿದು ಕೆಲಸ ನಿಂತಿತು. 1907ರ ಸೆಪ್ಟೆಂಬರ್ 22ರಂದು ಕಾಲವಾದನು.

ಈತನ ಗುರಿ ತೂಕ ಇಳಿಸುವುದಾಗಿರಲಿಲ್ಲ. ಕೂಲಿಯವನು ತನ್ನ ಅಲ್ಪ ಹಣದಲ್ಲಿ ಹೆಚ್ಚು ಶಕ್ತಿಯ ಆಹಾರವನ್ನು ಕೊಳ್ಳುವುದು ಹೇಗೆಂಬುದೇ ಚಿಂತೆ. ವಿಟಮಿನ್‌ಗಳ ಅರಿವಿಲ್ಲದ ಆ ಕಾಲದಲ್ಲಿ ಈತನು ತರಕಾರಿ ಹಣ್ಣುಗಳಿಗೆ ಕಡಿಮೆ ಬೆಲೆ ಕಟ್ಟಿದ್ದೂ ಉಂಟು. ಕ್ಯಾಲರಿ ಎಣಿಸಿ ಸಣ್ಣಗಾಗುವ ಪದ್ಧತಿಯನ್ನು ಜನಪ್ರಿಯಗೊಳಿಸಿದವಳು ಲೂಲೂ ಹಂಟ್ ಪೀಟರ್ಸ್ ಎಂಬ ವೈದ್ಯೆ. ಆಕೆಯ ಪುಸ್ತಕ ಬಂದುದು 1918ರಲ್ಲಿ.

ಕೋಣೆಯೊಳಗೆ ಖಚಿತವಾಗಿದ್ದ ಲೆಕ್ಕ ಮೊಬೈಲಿಗೆ ಬರುವಾಗ ಏನಾಗುತ್ತದೆ? ಮೊದಲನೆಯದಾಗಿ, ಸರಾಸರಿ ಎಲ್ಲ ಆಹಾರಕ್ಕೂ ಹೊಂದದು. ಅಟ್‌ವಾಟರನ ಅಂಕಿಗಳಂತೆ 28 ಗ್ರಾಂ ಬಾದಾಮಿಗೆ ಸುಮಾರು 170 ಕ್ಯಾಲರಿ. ಮನುಷ್ಯರ ಮೇಲೆ ಅಳೆದಾಗ ದೊರೆತುದು 129 ಎಂದು 2012ರಲ್ಲಿ ಪ್ರಕಟವಾಯಿತು. ಎರಡನೆಯದಾಗಿ, ತಿಂದುದನ್ನು ಬರೆಯುವವರು ನಾವು. ಹಾಸ್ಟೆಲಿನ ಮುದ್ದೆಯೂ ಮನೆಯ ಮುದ್ದೆಯೂ ಒಂದೇ ಗಾತ್ರವಲ್ಲ. ಸಾರಿಗೆ ಬಿದ್ದ ಎಣ್ಣೆಯನ್ನು ಕಂಡವರಾರು? ಎಷ್ಟು ಕಡಿಮೆ ತಿಂದರೂ ತೂಕ ಇಳಿಯುವುದಿಲ್ಲವೆನ್ನುತ್ತಿದ್ದ ಕೆಲವರನ್ನು ನ್ಯೂಯಾರ್ಕಿನಲ್ಲಿ ಪರೀಕ್ಷಿಸಿದಾಗ, ತಿಂದುದರಲ್ಲಿ ಸರಾಸರಿ ಶೇಕಡಾ 47ರಷ್ಟು ಅವರ ಲೆಕ್ಕಕ್ಕೆ ಬಂದೇ ಇರಲಿಲ್ಲವೆಂದು 1992ರಲ್ಲಿ ವರದಿಯಾಯಿತು. ಮೂರನೆಯದಾಗಿ, ನಮ್ಮ ದೇಹದ ಖರ್ಚನ್ನು ಆ್ಯಪ್ ಅಳೆಯುವುದಿಲ್ಲ. ವಯಸ್ಸು, ಎತ್ತರ, ತೂಕಗಳಿಂದ ಊಹಿಸುತ್ತದೆ.

ನಾಲ್ಕನೆಯದು ಎಲ್ಲಕ್ಕಿಂತ ದೊಡ್ಡದು. ಒಂದು ಕಿಲೋ ತೂಕಕ್ಕೆ ಸುಮಾರು 7,700 ಕ್ಯಾಲರಿಯೆಂಬ ಸೂತ್ರ ಬಳಕೆಯಲ್ಲಿದೆ. ದಿನಕ್ಕೆ 500 ಕ್ಯಾಲರಿ ಕಡಿಮೆ ಮಾಡಿದರೆ ಇದರಂತೆ ವರ್ಷಕ್ಕೆ 23 ಕಿಲೋಗಿಂತ ಹೆಚ್ಚು ಇಳಿಯಬೇಕು. ಹೀಗೆಯೇ ಮುಂದುವರಿದರೆ 60 ಕಿಲೋ ತೂಕದವನು ಎರಡೂವರೆ ವರ್ಷದಲ್ಲಿ ಮಾಯವಾಗಿಬಿಡಬೇಕಲ್ಲವೇ! ಹಾಗಾಗುವುದಿಲ್ಲ. ತೂಕ ಇಳಿದಂತೆ ದೇಹದ ಖರ್ಚೂ ಇಳಿಯುತ್ತದೆ. ಕೆವಿನ್ ಹಾಲ್ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಗಣಿತದಂತೆ, ಹೆಚ್ಚು ತೂಕವುಳ್ಳ ಸಾಧಾರಣ ವಯಸ್ಕನಲ್ಲಿ ಅದೇ 500 ಕ್ಯಾಲರಿಯ ಕಡಿತಕ್ಕೆ ಮೊದಲ ವರ್ಷ ಇಳಿಯುವುದು ಸುಮಾರು 10 ಕಿಲೋ ಮಾತ್ರ. ಉಳಿದುದಕ್ಕೆ ಇನ್ನೂ ಎರಡು ವರ್ಷ ಬೇಕು. ಮೊದಲ ವಾರದಲ್ಲಿ ವೇಗವಾಗಿ ಇಳಿಯುವುದಂತೂ ಬಹುಪಾಲು ನೀರು.

ಸಹಪಾಠಿಗಳಲ್ಲಿ ಪರದೆಯ ಮೇಲಿನ ತಾರೀಖನ್ನು ನಂಬಿ ರಾತ್ರಿಯೂಟ ಬಿಟ್ಟವರನ್ನು ನಾನು ಬಲ್ಲೆ. ಆ ತಾರೀಖಿಗೆ ತೂಕ ಇಳಿಯದಿದ್ದಾಗ ತಮ್ಮಲ್ಲಿ ಮನೋಬಲವಿಲ್ಲವೆಂದು ಕೊರಗಿ, ಮತ್ತೊಂದು ಹೊತ್ತಿನ ಊಟವನ್ನೂ ಬಿಡುತ್ತಾರೆ. ಅವರಿಗೆ ನಾನು ಹೇಳುವುದಿಷ್ಟೇ: ತಪ್ಪಿದ್ದು ನೀವಲ್ಲ, ಭವಿಷ್ಯ. ಬರೆದಿಡುವ ಅಭ್ಯಾಸ ಒಳ್ಳೆಯದು; ಹೆಚ್ಚು ಕಡಿಮೆಯ ಅಂದಾಜು ಅದರಿಂದ ದೊರೆಯುತ್ತದೆ. ಆದರೆ ಆ್ಯಪಿನ ತಾರೀಖಿಗಿಂತ ಹಲವು ವಾರಗಳ ತಕ್ಕಡಿಯ ಸರಾಸರಿಯನ್ನು ನಂಬಿರಿ. ನಿಶ್ಶಕ್ತಿ ತೋರಿದರೆ ವೈದ್ಯರನ್ನು ಕಾಣಿರಿ. ಅಳೆದ ಬಳಿಕವೇ ಮಾತನಾಡಿದ ಅಟ್‌ವಾಟರನ ಹೆಸರಿಗೆ ನಾವು ಸಲ್ಲಿಸಬಹುದಾದ ಗೌರವವೂ ಇದೇ ಆಗಿದೆ.