ಅಲೆಯಿಂದ ಕರೆಂಟು: ತೊಟ್ಟಿಯಲ್ಲಿ ಉರಿದ ಬಲ್ಬನ್ನು ಎಷ್ಟು ನಂಬಬಹುದು? ವಿಲಿಯಂ ಫ್ರೂಡ್ ಹೇಳಿಕೊಟ್ಟ ಲೆಕ್ಕ

ನೀರಿನ ತೊಟ್ಟಿಯಲ್ಲಿ ಅಲೆ ಎಬ್ಬಿಸಿ, ಅದರ ಮೇಲೆ ತೇಲುವ ಪುಟ್ಟ ಯಂತ್ರದಿಂದ ಬಲ್ಬ್ ಉರಿಸುವ ವಿಡಿಯೋಗಳು ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ಇದನ್ನೇ ದೊಡ್ಡದಾಗಿ ಮಾಡಿ ಕಡಲಿಗೆ ಬಿಟ್ಟರೆ ಊರಿಗೆಲ್ಲ ಪುಕ್ಕಟೆ ಕರೆಂಟು ಎಂದು ಯಾರಾದರೂ ಹೇಳಿದರೆ ನಂಬಬಹುದೇ? ಕಂಪ್ಯೂಟರ್ ಮಾದರಿಯಲ್ಲೂ ಸಾಬೀತಾಗಿದೆ, ಹಣ ಹೂಡಿ ಎಂದರೆ ನಾವು ಏನು ಕೇಳಬೇಕು? ಇದಕ್ಕೆ ಬೇಕಾದ ಲೆಕ್ಕವನ್ನು ಸುಮಾರು 150 ವರ್ಷಗಳ ಹಿಂದೆಯೇ ಕೊಟ್ಟವರು ವಿಲಿಯಂ ಫ್ರೂಡ್.

ಯಾರು ಈ ಫ್ರೂಡ್?

ಇಂಜಿನಿಯರಿಂಗ್ ಓದಿದವರಿಗೆ 'ಫ್ರೌಡ್ ನಂಬರ್' ಎಂದರೆ ನೆನಪಾಗಬಹುದು. ಅದು ಇವರದೇ ಹೆಸರು. 1810ರಲ್ಲಿ ಇಂಗ್ಲೆಂಡಿನ ಡಾರ್ಟಿಂಗ್ಟನ್‌ನಲ್ಲಿ ಪಾದ್ರಿಯೊಬ್ಬರ ಮಗನಾಗಿ ಹುಟ್ಟಿದರು. ಆಕ್ಸ್‌ಫರ್ಡ್‌ನಲ್ಲಿ ಗಣಿತ ಓದಿ, ಪ್ರಸಿದ್ಧ ಇಂಜಿನಿಯರ್ ಬ್ರುನೆಲ್ ಅವರ ಕೈಕೆಳಗೆ ರೈಲು ಮಾರ್ಗದ ಕೆಲಸಕ್ಕೆ ಸೇರಿದರು.

ಮುಂದೆ ಬ್ರುನೆಲ್ 'ಗ್ರೇಟ್ ಈಸ್ಟರ್ನ್' ಎಂಬ, ಆ ಕಾಲದ ಅತಿ ದೊಡ್ಡ ಹಡಗನ್ನು ಕಟ್ಟಲು ಹೊರಟರು. ಅಲೆಗಳ ಮೇಲೆ ಇದು ಎಷ್ಟು ಓಲಾಡಬಹುದು ಎಂದು ಲೆಕ್ಕ ಹಾಕುವ ಕೆಲಸ ಫ್ರೂಡ್ ಪಾಲಿಗೆ ಬಂತು. 1861ರಲ್ಲಿ ಅವರು ಮಂಡಿಸಿದ ಉತ್ತರವನ್ನು ಉಯ್ಯಾಲೆಯ ಉದಾಹರಣೆಯಿಂದ ಅರ್ಥ ಮಾಡಿಕೊಳ್ಳಬಹುದು. ಉಯ್ಯಾಲೆಗೆ ಅದರದೇ ಲಯವಿರುತ್ತದೆ. ಅದೇ ಲಯದಲ್ಲಿ ತಳ್ಳಿದರೆ ಜೀಕು ಹೆಚ್ಚುತ್ತಾ ಹೋಗುತ್ತದೆ. ಹಡಗೂ ಹಾಗೆಯೇ. ಅಲೆಯ ಲಯ ಹಡಗಿನ ಲಯಕ್ಕೆ ಹೊಂದಿಕೊಂಡರೆ ಓಲಾಟ ಅಪಾಯಕಾರಿಯಾಗುತ್ತದೆ.

ಹಡಗಿನವರು ತಪ್ಪಿಸಲು ನೋಡುವ ಈ ಹೊಂದಾಣಿಕೆಯೇ ಅಲೆ ವಿದ್ಯುತ್ ಯಂತ್ರಕ್ಕೆ ಬೇಕಾದದ್ದು! ಯಂತ್ರ ಹೆಚ್ಚು ಕುಣಿದಷ್ಟೂ ಹೆಚ್ಚು ಕರೆಂಟು.

ಸಣ್ಣ ಮಾದರಿ, ದೊಡ್ಡ ಜಗಳ

ಪುಟ್ಟ ಮಾದರಿಗಳಿಂದ ದೊಡ್ಡ ಹಡಗಿನ ವಿಷಯ ತಿಳಿಯದು ಎಂದೇ ಆಗಿನ ಅನೇಕ ತಜ್ಞರು ನಂಬಿದ್ದರು. ಫ್ರೂಡ್ ಒಪ್ಪಲಿಲ್ಲ. 1867ರಲ್ಲಿ 'ಸ್ವಾನ್', 'ರೇವನ್' ಎಂಬ ಎರಡು ಆಕಾರಗಳ ಮಾದರಿಗಳನ್ನು 3, 6 ಮತ್ತು 12 ಅಡಿ ಅಳತೆಯಲ್ಲಿ ಮಾಡಿ ಡಾರ್ಟ್ ನದಿಯಲ್ಲಿ ಎಳೆಸಿದರು. ಬ್ರಿಟಿಷ್ ನೌಕಾಪಡೆ 2,000 ಪೌಂಡ್ ಮಂಜೂರು ಮಾಡಿತು. ಟಾರ್ಕಿಯಲ್ಲಿ ತಮ್ಮ ಮನೆಯ ಹತ್ತಿರವೇ ಉದ್ದನೆಯ ತೊಟ್ಟಿ ಕಟ್ಟಿಸಿ, ಮೇಣದ ಮಾದರಿಗಳನ್ನು ಪರೀಕ್ಷಿಸತೊಡಗಿದರು.

ಅಷ್ಟಕ್ಕೇ ನಿಲ್ಲಲಿಲ್ಲ. 'ಗ್ರೇಹೌಂಡ್' ಎಂಬ ನಿಜವಾದ ಯುದ್ಧನೌಕೆಯನ್ನೇ ಇನ್ನೊಂದು ಹಡಗಿನಿಂದ ಎಳೆಸಿ, ಬೇಕಾಗುವ ಬಲವನ್ನು ಅಳೆದರು. ಮಾದರಿಯ ಲೆಕ್ಕಕ್ಕೂ ಹಡಗಿನ ಅಳತೆಗೂ ಒಳ್ಳೆಯ ಹೊಂದಾಣಿಕೆ ಸಿಕ್ಕಿತು.

ಲೆಕ್ಕ ಹೇಗೆ?

ಯಂತ್ರದ 25ನೇ ಒಂದರಷ್ಟು ಅಳತೆಯ ಮಾದರಿ ಇದೆ ಎಂದುಕೊಳ್ಳಿ.

• ಕಡಲಿನ 2 ಮೀಟರ್ ಅಲೆಗೆ ತೊಟ್ಟಿಯಲ್ಲಿ 8 ಸೆಂಟಿಮೀಟರ್ ಅಲೆ ಸಮ.
• ಸಮಯಕ್ಕೆ 25ರ ವರ್ಗಮೂಲ, ಅಂದರೆ 5. ಕಡಲಿನ 10 ಸೆಕೆಂಡ್ ಅಲೆ ತೊಟ್ಟಿಯಲ್ಲಿ 2 ಸೆಕೆಂಡ್ ಆಗಬೇಕು.
• ವಿದ್ಯುತ್ತಿಗೆ 25 × 25 × 25 × 5, ಅಂದರೆ 78,125 ಪಟ್ಟು. ಮಾದರಿಯ 1 ವ್ಯಾಟ್ ದೊಡ್ಡ ಯಂತ್ರದಲ್ಲಿ ಸುಮಾರು 78 ಕಿಲೋವ್ಯಾಟ್.

ಕೇಳಲು ಭರ್ಜರಿಯಾಗಿದೆ, ಅಲ್ಲವೇ? ಮೋಸ ಹೋಗುವುದೂ ಇಲ್ಲೇ. ವಿಡಿಯೋದಲ್ಲಿ 20 ಸೆಂಟಿಮೀಟರ್ ಅಲೆ ಎಬ್ಬಿಸಿದ್ದರೆ, ಅದು ಕಡಲಿನಲ್ಲಿ 5 ಮೀಟರ್ ಎತ್ತರದ ಅಲೆಗೆ ಸಮ. ಅಂಥ ಅಲೆ ದಿನವೂ ಬರುವುದಿಲ್ಲ. ಬಂದಾಗ ಯಂತ್ರ ಉಳಿಯುವುದೇ ದೊಡ್ಡ ಪ್ರಶ್ನೆ.

ಇನ್ನೊಂದು ತೊಡಕನ್ನೂ ಫ್ರೂಡ್ ಗುರುತಿಸಿದ್ದರು. ಅಲೆಯ ಪರಿಣಾಮ ಈ ಸೂತ್ರದಂತೆ ಬೆಳೆಯುತ್ತದೆ, ನೀರಿನ ಘರ್ಷಣೆ ಹಾಗೆ ಬೆಳೆಯುವುದಿಲ್ಲ. ಅದಕ್ಕಾಗಿ ಬೇರೆ ಬೇರೆ ಉದ್ದದ ಹಲಗೆಗಳನ್ನು ನೀರಿನಲ್ಲಿ ಎಳೆದು, ಘರ್ಷಣೆಯನ್ನು ಪ್ರತ್ಯೇಕವಾಗಿ ಅಳೆದರು.

ಕಂಪ್ಯೂಟರ್‌ನಲ್ಲೂ ಫ್ರೂಡ್

ಇಂದು ಅಲೆ ವಿದ್ಯುತ್ ಯಂತ್ರವನ್ನು ಮೊದಲು ಕಂಪ್ಯೂಟರ್‌ನಲ್ಲಿ ತೇಲಿಸುತ್ತಾರೆ. ಯಂತ್ರದಿಂದ ಕದಡದ ಅಲೆಯ ಒತ್ತಡ ಅದನ್ನು ಎಷ್ಟು ತಳ್ಳುತ್ತದೆ ಎಂಬ ಲೆಕ್ಕಕ್ಕೆ ಫ್ರೂಡ್-ಕ್ರಿಲೋವ್ ಬಲ ಎಂದು ಹೆಸರು. ರಷ್ಯಾದ ಕ್ರಿಲೋವ್ ಇದನ್ನು ಮುಂದೆ ಬೆಳೆಸಿದವರು. ಆದರೆ ಘರ್ಷಣೆ, ಸುಳಿ, ಒಡೆಯುವ ಅಲೆ ಇವನ್ನು ಸರಳ ಕಂಪ್ಯೂಟರ್ ಮಾದರಿಗಳು ಸರಿಯಾಗಿ ಹಿಡಿಯುವುದಿಲ್ಲ. ಅದಕ್ಕೇ ಕಂಪ್ಯೂಟರ್ ಆದ ಮೇಲೆ ತೊಟ್ಟಿ, ತೊಟ್ಟಿಯಾದ ಮೇಲೆ ಕಡಲು.

ನಮ್ಮ ದೇಶದಲ್ಲೂ ಇದು ನಡೆದಿದೆ. ಕೇರಳದ ವಿಳಿಂಜಂನಲ್ಲಿ ಐಐಟಿ ಮದ್ರಾಸ್ ತಂಡ ರೂಪಿಸಿದ 150 ಕಿಲೋವ್ಯಾಟ್ ಸಾಮರ್ಥ್ಯದ ಘಟಕ 1991ರಲ್ಲಿ ಶುರುವಾಯಿತು. ಈಗ ಅದು ಕೆಲಸ ಮಾಡುತ್ತಿಲ್ಲ. ಅಂದರೆ ಅಲೆಯಿಂದ ಕರೆಂಟು ಬರುವುದು ಸುಳ್ಳಲ್ಲ, ಸುಲಭವೂ ಅಲ್ಲ.

ಫ್ರೂಡ್ 1879ರಲ್ಲಿ ದಕ್ಷಿಣ ಆಫ್ರಿಕಾದ ಸೈಮನ್ಸ್ ಟೌನ್‌ನಲ್ಲಿ ತೀರಿಕೊಂಡರು. ನೌಕಾಪಡೆಯ ಗೌರವದೊಂದಿಗೆ ಅಲ್ಲೇ ಅಂತ್ಯಕ್ರಿಯೆಯಾಯಿತು. ಅವರ ಕೆಲಸವನ್ನು ಮಗ ರಾಬರ್ಟ್ ಎಡ್ಮಂಡ್ ಮುಂದುವರಿಸಿದರು.

ಫಾರ್ವರ್ಡ್ ಮಾಡುವ ಮುನ್ನ ಮೂರು ಪ್ರಶ್ನೆ ಕೇಳಿ: ಮಾದರಿ ಎಷ್ಟು ಪಟ್ಟು ಚಿಕ್ಕದು? ಅದಕ್ಕೆ ತಕ್ಕಂತೆ ಅಲೆಯೂ ಚಿಕ್ಕದಿತ್ತೇ? ನಿಜವಾದ ಕಡಲಿನಲ್ಲಿ ಅಳೆದು ನೋಡಿದ್ದಾರೆಯೇ? ಉತ್ತರ ಸಿಗದಿದ್ದರೆ ವಿಡಿಯೋ ನೋಡಿ ಖುಷಿಪಡಿ, ಹಣ ಮಾತ್ರ ಹಾಕಬೇಡಿ.