ಡಾಕ್ಟರ್ ಓದು ಬಿಟ್ಟು ಅಕ್ಷರ ಹಿಡಿದ ಎಡ್ವರ್ಡ್ ಜಾನ್‌ಸ್ಟನ್

ಅಂಗಡಿಗೆ ಬೋರ್ಡ್ ಮಾಡಿಸುವಾಗ ಸೈಜು ಕೇಳ್ತೀವಿ, ಬಣ್ಣ ಕೇಳ್ತೀವಿ, ರೇಟಿಗೆ ಚೌಕಾಸಿ ಮಾಡ್ತೀವಿ. ಅಕ್ಷರ ಯಾವ ಥರ ಇರಬೇಕು ಅಂತ ಕೇಳುವವರು ಕಡಿಮೆ. ಫ್ಲೆಕ್ಸ್ ಅಂಗಡಿಯವರು ಹಾಕಿದ್ದೇ ಫಾಂಟ್. ಬರೀ ಅಕ್ಷರದ ಆಕಾರಕ್ಕೇ ವರ್ಷಗಟ್ಟಲೆ ತಲೆ ಕೆಡಿಸಿಕೊಂಡ ಒಬ್ಬರಿದ್ದರು. ಅವರ ಹೆಸರು ಎಡ್ವರ್ಡ್ ಜಾನ್‌ಸ್ಟನ್.

ಜಾನ್‌ಸ್ಟನ್ ಹುಟ್ಟಿದ್ದು 1872ರಲ್ಲಿ, ದಕ್ಷಿಣ ಅಮೆರಿಕದ ಉರುಗ್ವೆಯಲ್ಲಿ. ಅಪ್ಪ ಅಮ್ಮ ಸ್ಕಾಟ್ಲೆಂಡ್ ಮೂಲದವರು. ಚಿಕ್ಕವರಿದ್ದಾಗಲೇ ಕುಟುಂಬ ಬ್ರಿಟನ್‌ಗೆ ವಾಪಸ್ ಬಂತು. ಮನೆಯಲ್ಲೇ ಪಾಠ ಆಯ್ತು. ಮುಂದೆ ಎಡಿನ್‌ಬರೋದಲ್ಲಿ ಡಾಕ್ಟರ್ ಓದಲು ಸೇರಿದರು. ಆರೋಗ್ಯ ಕೈಕೊಟ್ಟಿತು, ಓದು ಅರ್ಧಕ್ಕೇ ನಿಂತಿತು.

ಅವರ ಕೈಯಲ್ಲಿ ಉಳಿದಿದ್ದು ಒಂದೇ ವಿದ್ಯೆ, ಚೆಂದದ ಬರವಣಿಗೆ. ಅದನ್ನೂ ತಾವೇ ಕಲಿತದ್ದು. 1898ರಲ್ಲಿ ಲಂಡನ್‌ಗೆ ಬಂದಾಗ ಕಲಾಶಾಲೆಯ ಮುಖ್ಯಸ್ಥ ವಿಲಿಯಂ ಲೆಥಬಿ ಅವರ ಕಣ್ಣಿಗೆ ಬಿದ್ದರು. ಮರುವರ್ಷವೇ ಅಲ್ಲಿ ಅಕ್ಷರ ಬರೆಯುವುದನ್ನು ಕಲಿಸುವ ಮೇಷ್ಟ್ರಾದರು. ಬ್ರಿಟಿಷ್ ಮ್ಯೂಸಿಯಂನಲ್ಲಿ ಕೂತು ಹಳೇ ಹಸ್ತಪ್ರತಿಗಳನ್ನು ನೋಡಿ ನೋಡಿ, ಅಗಲ ಮೊನೆಯ ಪೆನ್ನಿನಲ್ಲಿ ಹಳಬರು ಹೇಗೆ ಬರೀತಿದ್ರು ಅನ್ನೋದನ್ನು ಕಂಡುಕೊಂಡರು. 1906ರಲ್ಲಿ ಅದರ ಬಗ್ಗೆ ಪುಸ್ತಕ ಬರೆದರು.

ಲಂಡನ್‌ನ ನೆಲದಡಿ ರೈಲಿಗೆ ಅಂದರೆ ಈಗಿನ ಮಾತಲ್ಲಿ ಮೆಟ್ರೋಗೆ ಆಗ ಒಂದು ತೊಂದರೆ ಇತ್ತು. ಸ್ಟೇಷನ್ ಗೋಡೆ ತುಂಬಾ ಸೋಪು, ಚಹಾ ಅಂತ ಜಾಹೀರಾತು. ಒಂದೊಂದರಲ್ಲಿ ಒಂದೊಂದು ಥರ ಅಕ್ಷರ. ಅದರ ಮಧ್ಯೆ ಸ್ಟೇಷನ್ ಹೆಸರು ಕಳೆದುಹೋಗುತ್ತಿತ್ತು. ರೈಲು ನಿಲ್ಲೋದೇ ಸ್ವಲ್ಪ ಹೊತ್ತು. ಹೆಸರು ಕಾಣಲಿಲ್ಲ ಅಂದ್ರೆ ಇಳಿಯುವವರ ಗತಿ? ರೈಲು ಕಂಪನಿಯ ಫ್ರಾಂಕ್ ಪಿಕ್, ಜಾಹೀರಾತಿನ ಜೊತೆ ಬೆರೆಯದ ಅಕ್ಷರ ಬೇಕು ಅಂತ ಜಾನ್‌ಸ್ಟನ್ ಹತ್ತಿರ ಬಂದರು. 1916ರಲ್ಲಿ ಅಕ್ಷರ ಸಿದ್ಧವಾಯಿತು.

ಜಾನ್‌ಸ್ಟನ್ ಅದರಲ್ಲಿ ಅಲಂಕಾರ ಇಡಲಿಲ್ಲ. ತುದಿಗೆ ಬಾಲ ಇಲ್ಲ, ಗೆರೆಗಳೆಲ್ಲ ಹೆಚ್ಚುಕಡಿಮೆ ಒಂದೇ ದಪ್ಪ. ದೊಡ್ಡಕ್ಷರಗಳ ಅಳತೆ ಹಳೇ ರೋಮನ್ ಕಲ್ಲುಶಾಸನದ್ದು. 'ಓ' ಪೂರ್ತಿ ಗುಂಡಗೆ. ಸಣ್ಣ 'ಐ' ಮೇಲಿನ ಚುಕ್ಕಿ ಮಾತ್ರ ವಜ್ರದಾಕಾರ, ಅದು ಪೆನ್ನಿನ ಮೊನೆಯ ಗುರುತು. ಸಣ್ಣ 'ಎಲ್' ಅನ್ನು ದೊಡ್ಡ 'ಐ' ಅಂತ ಯಾರೂ ತಪ್ಪು ಓದಬಾರದು ಅಂತ ಅದರ ಬುಡಕ್ಕೆ ಚಿಕ್ಕ ಕೊಕ್ಕೆ ಕೊಟ್ಟರು. ನಮ್ಮಲ್ಲೂ ಅಷ್ಟೇ ಅಲ್ವಾ? 'ದ'ಗೂ 'ಧ'ಗೂ ಇರೋ ವ್ಯತ್ಯಾಸ ಕೆಳಗಿನ ಒಂದು ಸಣ್ಣ ಸೀಳು. ಅಕ್ಷರ ತೀರಾ ದಪ್ಪ ಮಾಡಿದರೆ ಅದೂ ಮುಚ್ಚಿಹೋಗುತ್ತೆ.

ಕೆಂಪು ಬಳೆ, ಅಡ್ಡಕ್ಕೆ ನೀಲಿ ಪಟ್ಟಿ ಇರುವ ಲಂಡನ್ ರೈಲಿನ ಗುರುತನ್ನೂ ತಿದ್ದಿ ಈಗಿನ ರೂಪಕ್ಕೆ ತಂದವರು ಇವರೇ.

ಆದರೆ ಜಾನ್‌ಸ್ಟನ್ ಅಕ್ಷರ ದಶಕಗಳ ಕಾಲ ಲಂಡನ್ ಸಾರಿಗೆಗಷ್ಟೇ ಮೀಸಲಾಗಿ ಉಳಿಯಿತು. ಅವರ ಶಿಷ್ಯ ಎರಿಕ್ ಗಿಲ್ ಅದೇ ದಾರಿಯಲ್ಲಿ ಮಾಡಿದ 'ಗಿಲ್ ಸ್ಯಾನ್ಸ್' 1928ರಲ್ಲಿ ಮಾರುಕಟ್ಟೆಗೆ ಬಂದು ಭಾರೀ ಹೆಸರು ಮಾಡಿತು. ಗುರುಗಳು ಮಾತ್ರ ಸಸೆಕ್ಸ್‌ನ ಡಿಚ್ಲಿಂಗ್ ಅನ್ನೋ ಹಳ್ಳಿಯಲ್ಲಿ ನಿಧಾನಕ್ಕೆ ಬರೆಯುತ್ತಾ ಇದ್ದುಬಿಟ್ಟರು. 1944ರಲ್ಲಿ ಅಲ್ಲೇ ತೀರಿಕೊಂಡರು.

ಆ ಅಕ್ಷರ ಇನ್ನೂ ಚಾಲ್ತಿಯಲ್ಲಿದೆ. 1979ರಲ್ಲಿ ಒಮ್ಮೆ, ನೂರು ವರ್ಷ ತುಂಬಿದ 2016ರಲ್ಲಿ ಇನ್ನೊಮ್ಮೆ ಸ್ವಲ್ಪ ತಿದ್ದಿದ್ದಾರೆ, ಬಿಟ್ಟಿಲ್ಲ.

ಹೊಸ ಬೋರ್ಡ್ ಮಾಡಿಸುವ ಅಂಗಡಿಯವರು ಪ್ರಿಂಟ್‌ಗೆ ಕೊಡುವ ಮುಂಚೆ ಒಂದು ಕೆಲಸ ಮಾಡಬಹುದು. ಡಿಸೈನನ್ನು ಕಾಗದದ ಮೇಲೆ ತೆಗೆಸಿ ಗೋಡೆಗೆ ಅಂಟಿಸಿ, ಹತ್ತು ಹೆಜ್ಜೆ ಹಿಂದೆ ನಿಂತು ಓದಿ. ಒತ್ತಕ್ಷರ ಕಲಸಿಹೋಗಿದ್ರೆ, ಫೋನ್ ನಂಬರಿನ ಅಂಕಿ ಗೊಂದಲ ಮಾಡಿದ್ರೆ ಫಾಂಟ್ ಬದಲಾಯಿಸಿ ಅನ್ನಿ. ಪ್ರಿಂಟ್ ಆದ ಮೇಲೆ ಹೇಳಿದರೆ ಮತ್ತೆ ದುಡ್ಡು ಕೊಡಬೇಕಾಗುತ್ತೆ.